ಎಣ್ಣೆ ಹೊಡೆಯುವ ಹಿಂದಿನ ಸಂಜೆ ನಮಗೆ ತಿಳಿಯಬೇಕು

ಅಂಗನವಾಡಿ ಎದುರಿನ ಮನೆ, ಸೋಮವಾರ ರಾತ್ರಿ 8:40
ಬಡಾವಣೆಯ ಹಿರಿಯರಿಗೂ ಅಕ್ಕ-ತಂಗಿಯರಿಗೂ ನಮಸ್ಕಾರ. ಮಾನ್ವಿಯ ಈ ಅಂಚಿನಲ್ಲಿ ನಮ್ಮ ಕಾಂಪೌಂಡು ಮುಗಿದಲ್ಲಿಂದಲೇ ಹತ್ತಿ ಹೊಲ ಶುರುವಾಗುತ್ತದೆ. ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ದಿನ ವಾಸನೆ ಬಂದರೆ ಕಿಟಕಿ ಮುಚ್ಚಿಕೊಳ್ಳುತ್ತೇವೆ, ಅಲ್ಲಿಗೆ ಮರೆಯುತ್ತೇವೆ. ಆದರೆ ಕೊನೆಯ ಸಾಲಿನ ಮನೆಗಳಿಂದ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳಲ್ಲಿ ಈಗ ನಾಲ್ವರು ಬಸುರಿಯರಿದ್ದಾರೆ. ಅವರಲ್ಲಿ ಆರು ತಿಂಗಳಾಗಿರುವ ಒಬ್ಬಳು, ಹಿಂದಿನ ಸಂಜೆ ಎಣ್ಣೆ ಹೊಡೆದಿದ್ದಾರೆಂದು ತಿಳಿಯದೆ, ಶುಕ್ರವಾರ ಬೆಳಿಗ್ಗೆ ಅದೇ ಹೊಲಕ್ಕೆ ಇಳಿದಳು. ಇಬ್ಬನಿ ಆರಿರಲಿಲ್ಲ. ಎಲೆ ತಾಗಿ ತಾಗಿ ಸೀರೆ ಮೊಣಕಾಲಿನವರೆಗೆ, ಕುಪ್ಪಸದ ತೋಳೆರಡೂ ಪೂರ್ತಿ ತೊಯ್ದಿದ್ದವು. ಬಿಡಿಸಿದ ಹಸಿ ಹತ್ತಿಯನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡ ಉಡಿಯಲ್ಲೇ ತುಂಬಿಕೊಳ್ಳುತ್ತಿದ್ದಳು. ಮುಂದಿನ ತಿಂಗಳು ತವರಿನವರು ಬಂದು ಉಡಿ ತುಂಬಬೇಕಾದ ಹುಡುಗಿ ಅವಳು. ಹತ್ತು ಗಂಟೆಯ ಹೊತ್ತಿಗೆ ತಲೆ ಸುತ್ತಿ, ಬಾಯಲ್ಲಿ ಜೊಲ್ಲು ಸುರಿದು, ವಾಂತಿಯಾಯಿತು. ಆಸ್ಪತ್ರೆಗೆ ಕರೆದೊಯ್ದೆವು, ಈಗ ಮನೆಯಲ್ಲಿದ್ದಾಳೆ. ಹೊಲದವರಿಂದ ಒಂದು ದಿನ ಮೊದಲು ಸೂಚನೆ ಪಡೆಯುವ ವ್ಯವಸ್ಥೆಯನ್ನು ನಾವು ಮಾಡಿಕೊಳ್ಳಲಾಗದೆ?

ನಿವೃತ್ತ ಶುಶ್ರೂಷಕಿ, 3ನೇ ಅಡ್ಡರಸ್ತೆ, ರಾತ್ರಿ 9:25
ಆ ಹುಡುಗಿಗೆ ಆದದ್ದು ಬಸುರಿನ ಪಿತ್ತ ಎಂದುಕೊಳ್ಳಬೇಡಿ. ಹತ್ತಿಗೆ ಹೊಡೆಯುವ ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್‌ನಂಥವು ಆರ್ಗನೊಫಾಸ್ಫೇಟ್ ಗುಂಪಿನವು. ನರಗಳ ಸಂದೇಶವನ್ನು ಹತೋಟಿಯಲ್ಲಿಡುವ ಕಿಣ್ವವನ್ನೇ ಅವು ಕಟ್ಟಿಹಾಕುತ್ತವೆ. ಜೊಲ್ಲು, ಬೆವರು, ವಾಂತಿ, ಕಿರಿದಾದ ಕಣ್ಣಪಾಪೆ, ಇವೆಲ್ಲ ಅದರ ಗುರುತು. ಈ ವಿಷ ಉಸಿರಿನಿಂದಷ್ಟೇ ಅಲ್ಲ, ಚರ್ಮದಿಂದಲೂ ಒಳಗೆ ಹೋಗುತ್ತದೆ. ತಾಯಿಯ ರಕ್ತದಿಂದ ಮಾಸು ದಾಟಿ ಕೂಸಿಗೂ ಮುಟ್ಟುತ್ತದೆ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಹೊಲಗೆಲಸದ ಕುಟುಂಬಗಳ ಗರ್ಭಿಣಿಯರ ಮೂತ್ರ ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಈ ಗುಂಪಿನ ವಿಷದ ಅಂಶ ಅತಿ ಹೆಚ್ಚಿದ್ದ ತಾಯಂದಿರ ಮಕ್ಕಳ ಬುದ್ಧಿಸೂಚ್ಯಂಕ, ಏಳನೇ ವಯಸ್ಸಿನಲ್ಲಿ, ಅತಿ ಕಡಿಮೆಯಿದ್ದವರ ಮಕ್ಕಳಿಗಿಂತ ಸರಾಸರಿ 7 ಅಂಕ ಕಡಿಮೆಯಿತ್ತು. ಹಾಗೆಂದು ನಮ್ಮ ಹುಡುಗಿಯ ಕೂಸಿಗೆ ಹೀಗೇ ಆಗುತ್ತದೆಂದು ಯಾರೂ ಅವಳ ಮುಂದೆ ಆಡಬೇಡಿ. ಒಬ್ಬೊಬ್ಬರ ವಿಷಯದಲ್ಲಿ ಅದನ್ನು ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. ಪಂಪು ಹೊರುವವರು ಗಂಡಸರು, ನಮಗೇನು ಎಂದು ಹೆಂಗಸರು ತಿಳಿದಿದ್ದಾರೆ. ಎಣ್ಣೆ ಬೆರೆಸುವ ಡ್ರಮ್ಮಿಗೆ ನೀರು ಹೊತ್ತು ಹಾಕುವವರು ಯಾರು? ಸಂಜೆ ಗಂಡನ ಅಂಗಿಯನ್ನು ಕೂಸಿನ ಬಟ್ಟೆಯ ಜೊತೆಗೇ ಬಕೆಟ್ಟಿನಲ್ಲಿ ನೆನೆಹಾಕಿ ಬರಿಗೈಯಲ್ಲಿ ತಿಕ್ಕುವವರು ಯಾರು? ಎಣ್ಣೆ ಹೊಡೆದವನೇ ಆ ಅಂಗಿಯನ್ನು ಬೇರೆಯಾಗಿ ಒಗೆಯಲಿ.

ಕಾಲುವೆ ರಸ್ತೆಯ ರೈತ, ರಾತ್ರಿ 10:05
ಅಕ್ಕಾವರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಗುಲಾಬಿ ಕಾಯಿಕೊರಕ ಬಿದ್ದ ಹೊಲದಲ್ಲಿ ಎರಡು ದಿನ ತಡಮಾಡಿದರೆ ಕಾಯಿಯೊಳಗೆ ಏನೂ ಉಳಿಯುವುದಿಲ್ಲ. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡಿದವನು ಹೊಲದ ಯಜಮಾನನಿಗೆ ಏನು ಕೊಡಬೇಕು? ಪೊಲೀಸು, ಟಿವಿ ಎಂದು ಹೊರಟರೆ ನಾಳೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಹಿಂದಿನ ಸಂಜೆ ಈ ಗುಂಪಿನಲ್ಲಿ ಬರೆಯಲು ನಾನು ಸಿದ್ಧ, ಪಕ್ಕದ ಮೂವರಿಗೂ ಹೇಳುತ್ತೇನೆ. ಬಸುರಿಯರನ್ನು ಅಂಗಳದಲ್ಲಿ ಹತ್ತಿ ಹಸನು ಮಾಡಲು ಕೂರಿಸೋಣ.

ನಿವೃತ್ತ ಶುಶ್ರೂಷಕಿ, ರಾತ್ರಿ 10:12
ಅದೇ ಹೊಲದ ಹತ್ತಿಗೂ ಅದೇ ಎಣ್ಣೆ ಅಂಟಿರುತ್ತದಲ್ಲ, ತಮ್ಮಾ.

ಕೊನೆಯ ಸಾಲು, ಮಂಗಳವಾರ ಬೆಳಿಗ್ಗೆ 6:15
ನಾನೂ ಆ ನಾಲ್ವರಲ್ಲಿ ಒಬ್ಬಳು. ನಾನು ಹೇಳಿದ್ದನ್ನು ನನ್ನ ಮೈದುನ ಬರೆಯುತ್ತಿದ್ದಾನೆ. ನಮಗೆ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಹೋಗಬೇಡಿ ಎಂದು ನೀವೆಲ್ಲ ಹೇಳುವುದು ಸುಲಭ, ಆದರೆ ಹೋಗದ ದಿನ ತಕ್ಕಡಿಗೆ ಏನು ಹಾಕಬೇಕು? ಭತ್ತದ ನಾಟಿಯ ಕಾಲದಲ್ಲಾದರೆ ಗುಂಪಾಗಿ ಹಿಡಿದ ಗುತ್ತಿಗೆಯಲ್ಲಿ ಪಾಲು ಬರುತ್ತಿತ್ತು. ಕೂಲಿ ತಪ್ಪದ ಬೇರೆ ಕೆಲಸ ಕೊಟ್ಟರೆ ಸುಮ್ಮನೆ ಆ ಹೊಲಕ್ಕೆ ಹೋಗಲು ನಮಗೇನೂ ಹಟವಿಲ್ಲ.

ಬಡಾವಣೆ ಕಾರ್ಯದರ್ಶಿ, ಬೆಳಿಗ್ಗೆ 7:30
ನಿಜವಾದ ಪ್ರಶ್ನೆಯನ್ನು ಈ ತಂಗಿ ಕೇಳಿದ್ದಾಳೆ, ಉಳಿದದ್ದೆಲ್ಲ ಅದರ ಸುತ್ತಲಿನ ಮಾತು. ಇಂದು ಸಂಜೆ 6ಕ್ಕೆ ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ಸೇರೋಣ. ಹೊಲದವರೂ ಬರಬೇಕು, ಆ ನಾಲ್ವರೂ ಬರಬೇಕು. ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳನ್ನು ಕರೆಯುತ್ತೇನೆ. ಮೊನೊಕ್ರೊಟೊಫಾಸ್ ಎಂಬ ಎಣ್ಣೆಯ ದ್ರಾವಣವನ್ನು ಕೇಂದ್ರ ಸರ್ಕಾರ 2023ರಲ್ಲೇ ನಿಷೇಧಿಸಿದೆ. ಯಾರ ಮನೆಯಲ್ಲಾದರೂ ಹಳೆಯ ಡಬ್ಬಿ ಉಳಿದಿದ್ದರೆ ಆ ಅಧಿಕಾರಿಗಳಿಗೆ ತೋರಿಸಿ, ಹೊಲಕ್ಕೆ ಒಯ್ಯಬೇಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆ ಇರುತ್ತದೆ. ನಾಲ್ವರೂ ತಾಯಿ ಕಾರ್ಡ್ ಹಿಡಿದು ಆಶಾ ಕಾರ್ಯಕರ್ತೆಯ ಜೊತೆ ಹೋಗಿ, ಹೊಲದಲ್ಲಿ ಏನು ಹೊಡೆಯುತ್ತಾರೆಂಬುದನ್ನು ವೈದ್ಯರಿಗೆ ತಿಳಿಸಲಿ. ಯಾರಿಗಾದರೂ ಮತ್ತೆ ಹೀಗಾದರೆ ತೊಯ್ದ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆಸಿ, 108ಕ್ಕೆ ಕರೆ ಮಾಡಿ. ಡಬ್ಬಿಯನ್ನೋ ಅದರ ಫೋಟೊವನ್ನೋ ಆಸ್ಪತ್ರೆಗೆ ಒಯ್ಯಿರಿ.

ಕಾಲುವೆ ರಸ್ತೆಯ ರೈತ, ಬುಧವಾರ ಸಂಜೆ 5:50
ಕಟ್ಟೆಯಲ್ಲಿ ಮಾತಾದಂತೆ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ 7ಕ್ಕೆ ಕಾಂಪೌಂಡಿಗೆ ಹೊಂದಿಕೊಂಡ ನಾಲ್ಕು ಎಕರೆಗೆ ಪ್ರೊಫೆನೊಫಾಸ್ ಹೊಡೆಯುತ್ತೇವೆ. ಗಾಳಿ ನಿಮ್ಮ ಕಡೆಗೆ ತಿರುಗಿದರೆ ನಿಲ್ಲಿಸುತ್ತೇವೆ. ಆ ಬದಿಯವರು ಒಣಹಾಕಿದ ಬಟ್ಟೆ ಒಳಗಿಡಿ, ನೀರಿನ ತೊಟ್ಟಿ ಮುಚ್ಚಿ. ನಾಲ್ವರು ಹೆಣ್ಣುಮಕ್ಕಳು ನಮ್ಮ ಮನೆಗೆ ಬೀಜದ ಶೇಂಗಾ ಸುಲಿಯಲು ಬರಲಿ. ದಿನದ ಕೂಲಿ ಮಾತಾಡಿದಷ್ಟೇ, ತೂಕ ನೋಡುವುದಿಲ್ಲ.