ಕ್ಯಾನ್ಸರ್ ನೋವಿಗೆ ಗಾಂಜಾ ಸ್ಪ್ರೇ: ಪಿ 0.59 ಬರೆಯಲೋ, 0.035 ಬರೆಯಲೋ?

ಪ್ರಶ್ನೆ:
ಕ್ಯಾನ್ಸರ್ ನೋವಿಗೆ ನಾಬಿಕ್ಸಿಮಾಲ್ಸ್ (ಗಾಂಜಾದ ಅಂಶಗಳಾದ ಟಿಎಚ್‌ಸಿ, ಸಿಬಿಡಿ ಎರಡೂ ಇರುವ ಬಾಯಿಯ ಸ್ಪ್ರೇ) ಬಗ್ಗೆ ಸಿಸ್ಟಮ್ಯಾಟಿಕ್ ರಿವ್ಯೂ (ಇರುವ ಎಲ್ಲ ಟ್ರಯಲ್‌ಗಳನ್ನೂ ಹುಡುಕಿ ಒಟ್ಟಾಗಿ ನೋಡುವ ವಿಮರ್ಶೆ) ಮಾಡುತ್ತಿದ್ದೇನೆ. ಸಿಕ್ಕಿದ್ದು ಐದೇ ಟ್ರಯಲ್. ಫನಲ್ ಪ್ಲಾಟ್ (ಪ್ರತಿ ಟ್ರಯಲ್‌ನ ಫಲಿತಾಂಶವನ್ನು ಅದರ ನಿಖರತೆಯ ಎದುರು ಚುಕ್ಕಿಯಾಗಿ ತೋರಿಸುವ ಚಿತ್ರ) ಎರಡೂ ಕಡೆ ಸಮವಾಗಿದೆ. ರಿಪೋರ್ಟಿಂಗ್ ಬಯಾಸ್ (ಒಳ್ಳೆ ಫಲಿತಾಂಶಗಳನ್ನಷ್ಟೇ ಆರಿಸಿ ವರದಿ ಮಾಡುವುದು) ಇಲ್ಲ ಎಂದು ಬರೆಯಬಹುದೇ? ಇವುಗಳಲ್ಲಿ 2012ರ ಪೇಪರಿನಲ್ಲಿ ಒಂದು ಔಟ್‌ಕಮ್‌ಗೆ (ಅಳೆದ ಫಲಿತಾಂಶಕ್ಕೆ) ಪಿ 0.59, ಇನ್ನೊಂದಕ್ಕೆ 0.035 (ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸ ಗಮನಾರ್ಹ ಎನ್ನುತ್ತಾರೆ). ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ 1:
ಖಂಡಿತ ಬರೆಯಬೇಡಿ. ಹತ್ತಕ್ಕಿಂತ ಕಡಿಮೆ ಟ್ರಯಲ್ ಇದ್ದಾಗ ಫನಲ್ ಪ್ಲಾಟ್ ನೋಡಿ ಏನನ್ನೂ ಹೇಳಲಾಗದು. ಅದೂ ಅಲ್ಲದೆ, ಒಂದೇ ಪೇಪರಿನೊಳಗೆ ಬೇಕಾದ ಔಟ್‌ಕಮ್ ಆರಿಸಿಕೊಂಡರೆ ಅದು ಆ ಚಿತ್ರದಲ್ಲಿ ಕಾಣುವುದೇ ಇಲ್ಲ.

ತೆಗೆದುಕೊಳ್ಳಬೇಕಾದದ್ದು 0.59. ಆ ಟ್ರಯಲ್‌ನಲ್ಲಿ 360 ರೋಗಿಗಳು. ದಿನಕ್ಕೆ 1–4, 6–10, 11–16 ಸ್ಪ್ರೇ ಎಂದು ಮೂರು ಡೋಸ್, ಜೊತೆಗೆ ಪ್ಲಸೀಬೊ (ಔಷಧಿ ಇಲ್ಲದ ಸ್ಪ್ರೇ). ಪ್ರೈಮರಿ ಔಟ್‌ಕಮ್ (ಮೊದಲೇ ಗೊತ್ತುಮಾಡಿದ ಮುಖ್ಯ ಅಳತೆ) ಎಂದರೆ ನೋವಿನ ಅಂಕ ಶೇ 30 ಇಳಿದವರ ಪ್ರಮಾಣ, ಅಂದರೆ 6 ಇದ್ದದ್ದು 4.2ಕ್ಕೆ ಬರಬೇಕು. ಅದರಲ್ಲಿ ವ್ಯತ್ಯಾಸ ಸಿಗಲಿಲ್ಲ, 0.59 ಅದರದ್ದೇ. 0.035 ಬಂದದ್ದು ಸೆಕೆಂಡರಿ, ಅಂದರೆ ಎರಡನೇ ಸ್ತರದ ವಿಶ್ಲೇಷಣೆಯಲ್ಲಿ. ಲೇಖಕರು ಮುಚ್ಚಿಟ್ಟಿಲ್ಲ, ಎರಡೂ ಸಂಖ್ಯೆ ಸಾರಾಂಶದಲ್ಲೇ ಇವೆ. ಆದರೆ ಕೊನೆಯ ಸಾಲು ಕಡಿಮೆ ಡೋಸ್‌ಗಳ ಪರಿಣಾಮವನ್ನು ಎತ್ತಿ ಹಿಡಿಯುತ್ತದೆ, ಓದುಗರಿಗೆ ನೆನಪಿರುವುದೂ ಆ ಸಾಲೇ. ರೋಗಿಗೆ ಔಷಧಿ ಬರೆಯುವವರು ನಂಬುವುದು ಅದನ್ನೇ ಎಂಬುದು ನನಗೆ ನಿಜವಾದ ಚಿಂತೆ.

ಮುಂದೆ ನಡೆದ ಮೂರು ದೊಡ್ಡ ಟ್ರಯಲ್‌ಗಳಲ್ಲೂ ಪ್ರೈಮರಿ ಔಟ್‌ಕಮ್ ಕೈಗೂಡಲಿಲ್ಲ. ಆ ಸುದ್ದಿ 2015ರಲ್ಲೇ ಕಂಪನಿ ಪ್ರಕಟಣೆಯಲ್ಲಿ ಬಂತು, ಪೇಪರ್ ಬಂದದ್ದು 2017–18ರಲ್ಲಿ. 2016ಕ್ಕೆ ಹುಡುಕಾಟ ಮುಗಿಸಿದ ರಿವ್ಯೂಗೆ ಅವು ಪೇಪರ್ ರೂಪದಲ್ಲಿ ಸಿಗುತ್ತಲೇ ಇರಲಿಲ್ಲ. ನಿಮ್ಮ ಐದರಲ್ಲಿ ಆ ಮೂರೂ ಇವೆಯೇ, ನೋಡಿ.

ಉತ್ತರ 2:
ರಿಜಿಸ್ಟ್ರಿ (ಟ್ರಯಲ್‌ಗಳ ಯೋಜನೆ ನೋಂದಾಯಿಸುವ ತಾಣ) ನೋಡದೆ ಟೇಬಲ್ ತುಂಬಬೇಡಿ ಸರ್. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಲ್ಲಿ ಎನ್‌ಸಿಟಿ ನಂಬರ್ (ಆ ಟ್ರಯಲ್‌ನ ನೋಂದಣಿ ಸಂಖ್ಯೆ) ಹಾಕಿ, 'ರೆಕಾರ್ಡ್ ಹಿಸ್ಟರಿ' ತೆರೆಯಿರಿ. ಮೊದಲ ರೋಗಿ ಸೇರುವುದಕ್ಕೂ ಮುಂಚಿನ ಆವೃತ್ತಿ ಒಂದು, ಇತ್ತೀಚಿನದು ಒಂದು, ಎರಡನ್ನೂ ಹೋಲಿಸಿ. ಔಟ್‌ಕಮ್‌ನ ಹೆಸರು ಬದಲಾಗದಿದ್ದರೂ ಅಳತೆಯ ವಾರ ಬದಲಾಗಿರಬಹುದು, ಅದೂ ಬದಲಾವಣೆಯೇ. ನಮ್ಮ ಭಾರತದ ರಿಜಿಸ್ಟ್ರಿಯಾದ ಸಿಟಿಆರ್‌ಐನಲ್ಲಿ ಟ್ರಯಲ್ ಶುರುವಾದ ಮೇಲೆ ನೋಂದಣಿ ಆಗಿದ್ದರೆ ಹಾಗೆಂದೇ ನಮೂದಿಸಿರುತ್ತದೆ. ಅಂಥ ನೋಂದಣಿಯನ್ನು ಮೂಲ ಯೋಜನೆ ಎಂದು ಒಪ್ಪಬೇಡಿ.

ಪ್ರಶ್ನೆ ಕೇಳಿದವರು:
ಇನ್ನೊಂದು ಪೇಪರಿನಲ್ಲಿ ನಿದ್ರೆಯ ಅಂಕಕ್ಕೆ 'ಗಮನಾರ್ಹ ವ್ಯತ್ಯಾಸವಿಲ್ಲ' ಎಂದಷ್ಟೇ ಇದೆ, ಸಂಖ್ಯೆಯೇ ಇಲ್ಲ. ಬಿಟ್ಟುಬಿಡಲೇ?

ಉತ್ತರ 1:
ಬಿಟ್ಟರೆ ಒಳ್ಳೆ ಫಲಿತಾಂಶ ಕೊಟ್ಟವರದ್ದೇ ಸರಾಸರಿ ಉಳಿಯುತ್ತದೆ, ಔಷಧಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಹಾಗೆಂದು ಅಲ್ಲಿ ಸೊನ್ನೆಯನ್ನೂ ತುಂಬಬೇಡಿ. ಮೊದಲು ರಿಜಿಸ್ಟ್ರಿಯ ಫಲಿತಾಂಶದ ಪುಟ ನೋಡಿ, ಪೇಪರಿನಲ್ಲಿಲ್ಲದ ಸರಾಸರಿ, ಎಸ್‌ಡಿ (ಅಂಕಗಳು ಎಷ್ಟು ಹರಡಿವೆ ಎಂಬ ಅಳತೆ) ಎಷ್ಟೋ ಸಲ ಅಲ್ಲಿರುತ್ತವೆ. ಇಲ್ಲದಿದ್ದರೆ ಲೇಖಕರಿಗೆ ಮೇಲ್ ಹಾಕಿ. ಉತ್ತರ ಬಾರದಿದ್ದರೆ ಆ ಟ್ರಯಲ್ ಅನ್ನು ಫಾರೆಸ್ಟ್ ಪ್ಲಾಟ್‌ನ (ಎಲ್ಲ ಟ್ರಯಲ್‌ಗಳ ಫಲಿತಾಂಶವನ್ನು ಸಾಲಾಗಿ ತೋರಿಸುವ ಚಿತ್ರದ) ಕೆಳಗೆ ರೋಗಿಗಳ ಸಂಖ್ಯೆ ಸಮೇತ 'ಅಳೆದಿದ್ದಾರೆ, ಅಂಕಿ ಕೊಟ್ಟಿಲ್ಲ' ಎಂದು ನಮೂದಿಸಿ.