ಅಪ್‌ಡೇಟ್: ಬೆಕ್ಕು ಇರುವ ಈಜಿಪ್ಟ್ ಚಿತ್ರ ಸಿಕ್ಕಿತು

ಪ್ರಾಚೀನ ಈಜಿಪ್ಟಿನ ಹುಡುಗಿಯರು ಕೂತು ದೇವರ ಮೂರ್ತಿ ಮಾಡುತ್ತಿರುವ ತೈಲಚಿತ್ರ ಯಾವುದು ಅಂತ ಕೇಳಿದ್ದೆನಲ್ವಾ, ಸಿಕ್ಕಿತು! ನಾನು ಅದನ್ನು ನೋಡಿದ್ದು ಒಂದು ಹಳೇ ಕ್ಯಾಲೆಂಡರ್ ಹಾಳೆಯಲ್ಲಿ, ಅದು ಮಾಸಿದ್ದರಿಂದ ಇಮೇಜ್ ಸರ್ಚ್ ಕೈಕೊಟ್ಟಿತು. ಆಲ್ಮಾ-ಟಡೆಮಾ ಅನ್ನೋ ಚಿತ್ರಕಾರನದ್ದು ಇರಬಹುದು ಅಂದಿದ್ರು ಒಬ್ಬರು. ಆ ಚಿತ್ರಕಾರನ 1872ರ ಈಜಿಪ್ಟ್ ಚಿತ್ರ ನೋಡಿದೆ, ಅದರಲ್ಲಿರೋದು ಮಮ್ಮಿಯ ಪಕ್ಕ ಅಳುವ ವಿಧವೆ. ಇಂಗ್ಲಿಷ್ ಚಿತ್ರಕಾರ ಎಡ್ವಿನ್ ಲಾಂಗ್ ಹೆಸರು ಹೇಳಿದವರದ್ದೇ ಸರಿ, ತುಂಬಾ ಥ್ಯಾಂಕ್ಸ್. 1878ರ 'ದಿ ಗಾಡ್ಸ್ ಅಂಡ್ ದೇರ್ ಮೇಕರ್ಸ್', ಇಂಗ್ಲೆಂಡಿನ ಬರ್ನ್‌ಲಿಯ ಟೌನ್ಲಿ ಹಾಲ್ ಮ್ಯೂಸಿಯಂನಲ್ಲಿದೆ.

ಆ ಬೆಕ್ಕು ಸುಮ್ನೆ ಅಲಂಕಾರಕ್ಕಲ್ಲ. ಒಬ್ಬಳು ಅದನ್ನು ಎತ್ತಿ ಹಿಡಿದಿದ್ದಾಳೆ, ಇನ್ನೊಬ್ಬಳು ಅದನ್ನೇ ನೋಡಿಕೊಂಡು ಮೂರ್ತಿ ಮಾಡುತ್ತಿದ್ದಾಳೆ! ಆದರೆ ಹೆಂಗಸರೇ ತುಂಬಿದ ಇಂಥ ಕಾರ್ಖಾನೆ ಲಾಂಗ್ ಕಲ್ಪನೆ. ಪ್ರಾಚೀನ ಈಜಿಪ್ಟಿನ ಥೀಬ್ಸ್ ನಗರದಲ್ಲಿರೋ, ರೆಖ್ಮಿರೆ ಅನ್ನೋ ಮಂತ್ರಿಯ ಸಮಾಧಿಯ ಗೋಡೆಚಿತ್ರದಲ್ಲಿ ಶಿಲ್ಪಿಗಳೆಲ್ಲ ಗಂಡಸರೇ.