ಸಹಾಯ ಬೇಕು: ನುಸಾ ಪೆನಿಡಾದ ಬಾನಾ ಕ್ಲಿಫ್‌ಗೆ ಸ್ಕೂಟರ್‌ನಲ್ಲಿ ಹೋಗಬಹುದಾ?

ಬಾಲಿ ಪಕ್ಕದ ನುಸಾ ಪೆನಿಡಾ ದ್ವೀಪಕ್ಕೆ ಈಚೆಗೆ ಹೋಗಿಬಂದವರು ಯಾರಾದರೂ ಇದ್ದೀರಾ? ಕೆಲಿಂಗ್‌ಕಿಂಗ್ ಬೀಚಿನ ಜನಜಾತ್ರೆ ಬೇಡ, ಆ ಕಡೆಯೇ ಇರೋ ಬಾನಾ ಕ್ಲಿಫ್ (ಸಮುದ್ರದಂಚಿನ ಕಡಿದಾದ ಬಂಡೆ) ನೋಡಬೇಕು. ಬಾಲಿಯ ಸನೂರ್‌ನಿಂದ ಫಾಸ್ಟ್‌ಬೋಟಲ್ಲಿ ಮುಕ್ಕಾಲು ಗಂಟೆ, ಅದು ಸರಿ. ತಲೆಬಿಸಿ ಇರೋದು ಕೊನೆಯ ದಾರಿದು. ಜಲ್ಲಿ ಎದ್ದಿದ್ದರೆ ಇಳಿಜಾರಲ್ಲಿ ಮುಂದಿನ ಬ್ರೇಕ್ ಹಿಡಿದ ತಕ್ಷಣ ಚಕ್ರ ಜಾರುತ್ತೆ, ಅದೂ ಇಬ್ಬರು ಕೂತಾಗ. ಎಲ್ಲಿ ನಿಲ್ಲಿಸಿ ನಡೆಯೋದು ಒಳ್ಳೇದು?

ಸೂರ್ಯ ಮುಳುಗೋದನ್ನ ಅಲ್ಲೇ ನೋಡೋ ಆಸೆ, ಅದು ಆರೂಕಾಲರ ಆಸುಪಾಸು, ಸನೂರ್‌ಗೆ ಕೊನೆಯ ಬೋಟು ಅದಕ್ಕೂ ಮೊದಲೇ ಹೊರಡುತ್ತೆ. ಹಾಗಾಗಿ ರಾತ್ರಿ ದ್ವೀಪದಲ್ಲೇ. ಕತ್ತಲಲ್ಲಿ ವಾಪಸ್ ಬರೋಕೆ ಟಾರ್ಚ್ ಸಾಕಾ?

ತುದಿಗೆ ಬೇಲಿ ಇದೆಯಾ? ಸುಣ್ಣಕಲ್ಲನ್ನ ಅಲೆ ಬುಡದಲ್ಲಿ ಕೊರೆದಿರುತ್ತೆ, ಮೇಲೆ ನಿಂತವರಿಗೆ ಅಡಿ ಟೊಳ್ಳು ಅಂತ ಕಾಣಲ್ಲ. ಅದಕ್ಕೇ ಕೇಳ್ತಿರೋದು.